ಗಿಟಾರ್ ಕೇಳಿಸ್ತಿಲ್ಲ, ಆದರೆ ಕಿವಿ ಹರೀತಿದೆ: ವೇದಿಕೆಯ ಆಂಪ್‌ನಲ್ಲಿ ದೋಷ ಹುಡುಕುವ ಬಗೆ

ಸೌಂಡ್ ಚೆಕ್ ಹೊತ್ತಿಗೆ ಗಿಟಾರ್‌ನವರು "ನಂದು ನಂಗೇ ಕೇಳಿಸ್ತಿಲ್ಲ" ಅನ್ನುತ್ತಾರೆ. ಅದೇ ಗಳಿಗೆಯಲ್ಲಿ ಮಿಕ್ಸರ್ ಹತ್ತಿರ ನಿಂತವರು "ಗಿಟಾರ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಸರ್" ಎಂದು ಕೈ ಆಡಿಸುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಪೆಟ್ಟಿಗೆ) ಒಂದೇ ಆದರೂ ನಿಂತ ಜಾಗಕ್ಕೆ ತಕ್ಕಂತೆ ಅದರ ಸದ್ದು ಬೇರೆ ಬೇರೆ. ಹೀಗಾಗಿ ವಾಲ್ಯೂಮ್ ನಾಬ್ ಮುಟ್ಟುವ ಮೊದಲು ದೋಷ ಎಲ್ಲಿನದು ಎಂದು ಪತ್ತೆಮಾಡಬೇಕು. ಆಂಪ್ ಇಟ್ಟ ಜಾಗದ್ದೋ, ಟೋನ್‌ನದೋ, ಕೀಬೋರ್ಡ್ ಜೊತೆಗಿನ ಗುದ್ದಾಟವೋ, ಕರೆಂಟಿನದೋ?

ಇಲ್ಲಿ ಕಣ್ಣ ಮುಂದೆ ಇಟ್ಟುಕೊಂಡಿರುವುದು ನಮ್ಮಲ್ಲಿ ಮಾಮೂಲಾದ ಎರಡು ವೇದಿಕೆಗಳನ್ನು. ಒಂದು, ಗಣೇಶನ ಪೆಂಡಾಲಿನಲ್ಲೋ ರಾಜ್ಯೋತ್ಸವಕ್ಕೋ ಪ್ಲೈವುಡ್ ಹಾಸಿ ಕಟ್ಟಿದ, ನಾಲ್ಕಡಿ ಎತ್ತರದ ಆರ್ಕೆಸ್ಟ್ರಾ ಸ್ಟೇಜು. ಇನ್ನೊಂದು, ಬೆಂಗಳೂರಿನ ಪಬ್ಬಿನ ಮೂಲೆಯಲ್ಲಿ ಡ್ರಮ್ ಸೆಟ್ ಜೊತೆ ಒತ್ತಿಕೊಂಡು ನಿಲ್ಲುವ ನಾಲ್ಕು ಜನರ ಬ್ಯಾಂಡ್.

ಮೊದಲು ಮಂಡಿಯೂರಿ ಕೇಳಿ

ಬೇರೆ ಯಾರಿಗಾದರೂ ಗಿಟಾರ್ ಕೊಟ್ಟು ನುಡಿಸಲು ಹೇಳಿ. ಆಂಪ್‌ನಿಂದ ಆರಡಿ ದೂರ ಹೋಗಿ, ಕಿವಿ ಸ್ಪೀಕರ್ ಮಟ್ಟಕ್ಕೆ ಬರುವಂತೆ ಮಂಡಿಯೂರಿ ಕೂರಿ. ಕಿವಿಗೆ ಸೂಜಿ ಚುಚ್ಚಿದ ಹಾಗೆ ಆಗುತ್ತದೆಯೇ? ಎದ್ದು ನಿಂತರೆ ಮಂಕಾಗುತ್ತದೆಯೇ? ಹಾಗಿದ್ದರೆ ದೋಷ ಆಂಪ್‌ನದಲ್ಲ, ಅದನ್ನು ಇಟ್ಟ ರೀತಿಯದು.

ಲೆಕ್ಕ ಹಾಕಿ ನೋಡಿ. ಆಂಪ್ ನೆಲದ ಮೇಲಿದ್ದರೆ ಸ್ಪೀಕರಿನ ನಡು ಸ್ಟೇಜಿನಿಂದ ಸುಮಾರು ಒಂದಡಿ ಮೇಲಿರುತ್ತದೆ. ನೀವು ಐದಡಿ ಮುಂದೆ ನಿಂತಿದ್ದೀರಿ, ನಿಮ್ಮ ಕಿವಿ ಐದೂಕಾಲು ಅಡಿ ಎತ್ತರದಲ್ಲಿದೆ. ಅಂದರೆ ಸ್ಪೀಕರ್ ನೇರಕ್ಕಿಂತ ಸುಮಾರು 40 ಡಿಗ್ರಿ ಮೇಲೆ. ಮುಂದಿನ ಸಾಲಿನಲ್ಲಿ ಕುರ್ಚಿ ಮೇಲೆ ಕೂತವರ ಕಿವಿ ನೆಲದಿಂದ ನಾಲ್ಕಡಿ, ಸ್ಟೇಜೂ ನಾಲ್ಕಡಿ. ಅವರ ಕಿವಿ ಸ್ಪೀಕರಿನ ನೇರಕ್ಕೇ ಬಂದುಬಿಡುತ್ತದೆ. 12 ಇಂಚಿನ ಸ್ಪೀಕರ್ ತಗ್ಗಿನ ಸ್ವರಗಳನ್ನು ಸುತ್ತಲೂ ಹರಡಿದರೂ ಮೇಲಿನ ಸ್ವರಗಳನ್ನು ಟಾರ್ಚ್ ಬೆಳಕಿನಂತೆ ಮುಂದಕ್ಕಷ್ಟೇ ಬಿಡುತ್ತದೆ. 2500 ಹರ್ಟ್ಜ್‌ನ ಅಲೆಯ ಉದ್ದ ಸುಮಾರು 14 ಸೆಂಟಿಮೀಟರ್, ಸ್ಪೀಕರಿನ ಅಗಲ ಅದರ ಎರಡರಷ್ಟು. ಅಲೆಗಿಂತ ಕೋನ್ (ಸ್ಪೀಕರಿನ ನಡುಗುವ ಬಟ್ಟಲು) ದೊಡ್ಡದಾದ ಹಾಗೆಲ್ಲ ಆ ಟಾರ್ಚ್ ಇನ್ನೂ ಕಿರಿದಾಗುತ್ತದೆ. ನಿಮ್ಮ ಮಂಡಿಯ ಹಿಂಭಾಗಕ್ಕೆ ಸೊಗಸಾದ ಟೋನ್ ಸಿಗುತ್ತಿದೆ, ಕಿವಿಗೆ ಸಿಗುತ್ತಿಲ್ಲ. ನೀವು ಟ್ರೆಬಲ್ ಏರಿಸುತ್ತೀರಿ, ಮುಂದಿನ ಸಾಲಿನವರು ಎದ್ದು ಹಿಂದಕ್ಕೆ ಹೋಗುತ್ತಾರೆ.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ಆಂಪ್‌ನ ಮುಂಭಾಗದ ಅಡಿಗೆ ಮರದ ತುಂಡೋ ಇಟ್ಟಿಗೆಯೋ ಇಟ್ಟು, ಸ್ಪೀಕರ್ ನಿಮ್ಮ ಮುಖ ನೋಡುವಂತೆ ಹಿಂದಕ್ಕೆ ವಾಲಿಸಿ. ಬೆನ್ನಿಗೆ ಗೋಡೆಯ ಆಸರೆಯೋ ಸ್ಟ್ಯಾಂಡೋ ಇರಲಿ, ಬೀಳಬಾರದು. ಅದಾಗದಿದ್ದರೆ ಗಟ್ಟಿ ಮೇಜಿನ ಮೇಲೆ ಸೊಂಟದ ಮಟ್ಟಕ್ಕೆ ಏರಿಸಿ. ಪೆಂಡಾಲಿನ ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ, ಆಂಪ್ ಜೊತೆ ಅದೂ ಗಲಗಲ ಎಂದು ಹಾಡುತ್ತದೆ. ಜಾಗ ಇದ್ದರೆ ಇನ್ನೊಂದು ಉಪಾಯವಿದೆ. ಆಂಪನ್ನು ಸ್ಟೇಜಿನ ಒಂದು ಬದಿಗಿಟ್ಟು ಅಡ್ಡಡ್ಡಲಾಗಿ, ಇನ್ನೊಂದು ಬದಿಯ ಕಡೆ ತಿರುಗಿಸಿ. ಆಗ ಅದು ಬ್ಯಾಂಡ್‌ನವರಿಗೆಲ್ಲ ಮಾನಿಟರ್ ಆಗುತ್ತದೆ, ಜನಕ್ಕೆ ನೇರವಾಗಿ ಬಡಿಯುವುದಿಲ್ಲ. ಹಾಡುವವರ ಮೈಕ್ ಆ ನೇರದಲ್ಲಿ ಇರದಂತೆ ನೋಡಿಕೊಳ್ಳಬೇಕು, ಅಷ್ಟೇ. ವಾಲಿಸಿದ ಮೇಲೆ ಟೋನ್ ಮತ್ತೆ ಹೊಂದಿಸಿ. ಟ್ರೆಬಲ್ ಒಂದೆರಡು ಅಂಕ ಇಳಿಸಬೇಕಾಗುತ್ತದೆ, ಮಾಸ್ಟರ್ ವಾಲ್ಯೂಮೂ ಇಳಿಯುತ್ತದೆ. "ಕೇಳಿಸ್ತಿಲ್ಲ" ಅನ್ನುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಮುಗಿಯುತ್ತವೆ.

ನೆಲದಿಂದ ಮೇಲೆತ್ತಿದಾಗ ಬಾಸ್ ತುಸು ಕಮ್ಮಿಯಾದರೆ ಗಾಬರಿ ಬೇಡ, ಒಳ್ಳೆಯದೇ ಆಯಿತು. ಟೊಳ್ಳು ಪ್ಲೈವುಡ್ ಸ್ಟೇಜು ತಾನೇ ಒಂದು ಡೋಲು. ಪಬ್ಬಿನ ಮೂಲೆಯೂ ಹಾಗೆಯೇ, ಎರಡು ಗೋಡೆ ಸೇರಿದಲ್ಲಿ ತಗ್ಗಿನ ಸ್ವರ ಊದಿಕೊಳ್ಳುತ್ತದೆ. ಮೂಲೆಯಿಂದ ಎರಡಡಿ ಈಚೆಗೆ ಎಳೆದರೆ ಸಾಕು.

ಮನೆಯಲ್ಲಿ ಚಿನ್ನ, ಬ್ಯಾಂಡ್‌ನಲ್ಲಿ ಮಣ್ಣು

ಒಬ್ಬರೇ ನುಡಿಸಿದರೆ ತುಂಬಿಕೊಂಡ ಟೋನ್, ಡ್ರಮ್ಸು ಬಾಸು ಶುರುವಾದ ಕೂಡಲೇ ಮಾಯ. ಇದಕ್ಕೆ ಎರಡು ಕಾರಣ.

ಮೊದಲನೆಯದು ಕಿವಿಯ ಸ್ವಭಾವ. ಸದ್ದು ಸಣ್ಣದಿದ್ದಾಗ ಕಿವಿಗೆ ತೀರಾ ತಗ್ಗಿನ ಮತ್ತು ತೀರಾ ಮೇಲಿನ ಸ್ವರಗಳು ಕಮ್ಮಿ ಕೇಳಿಸುತ್ತವೆ. ಸದ್ದು ದೊಡ್ಡದಾದಂತೆ ಅವು ತುಂಬಿ ಬರುತ್ತವೆ. ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದ್ದಾರೆ. ಅಕ್ಕಪಕ್ಕದ ಮನೆಯವರಿಗೆ ಹೆದರಿ ಕೋಣೆಯಲ್ಲಿ ಮೆಲ್ಲಗೆ ನುಡಿಸುವಾಗ ನೀವು ಬಾಸ್ 8, ಟ್ರೆಬಲ್ 8, ಮಿಡ್ 3 ಇಟ್ಟಿರುತ್ತೀರಿ. ಅದೇ ನಾಬ್‌ಗಳು ಸ್ಟೇಜಿನ ಸದ್ದಿನಲ್ಲಿ ಗುಮ್ ಎನ್ನುವ ಬಾಸೂ ಚುಚ್ಚುವ ಟ್ರೆಬಲ್ಲೂ ಆಗುತ್ತವೆ, ನಡುವೆ ಹಳ್ಳ. ಆದ್ದರಿಂದ ಟೋನ್ ಹೊಂದಿಸಬೇಕಾದದ್ದು ಕಾರ್ಯಕ್ರಮದ ವಾಲ್ಯೂಮಿನಲ್ಲಿ, ಬ್ಯಾಂಡ್ ನುಡಿಸುತ್ತಿರುವಾಗ.

ಎರಡನೆಯದು ಜಾಗದ ಜಗಳ. ಗಿಟಾರಿನ ಆರನೇ ತಂತಿ 82 ಹರ್ಟ್ಜ್, ಬಾಸ್ ಗಿಟಾರಿನ ದಪ್ಪ ತಂತಿ 41. ಕಿಕ್ ಡ್ರಮ್ಮಿನ ಗುದ್ದು ಇರುವುದೂ 60ರಿಂದ 100ರ ಆಸುಪಾಸಿನಲ್ಲೇ. ಆ ಕೋಣೆ ಆಗಲೇ ಭರ್ತಿ. ಮೇಲೆ ಸಿಂಬಲ್. ಗಿಟಾರಿಗೆ ಉಳಿಯುವುದು 400ರಿಂದ 2000ದವರೆಗಿನ ನಡುಮನೆ, ಅದನ್ನೇ ನೀವು ಮಿಡ್ ಇಳಿಸಿ ಖಾಲಿ ಮಾಡಿರುತ್ತೀರಿ.

ಪರೀಕ್ಷೆ ಹೀಗೆ. ಎಲ್ಲರೂ ಒಂದೇ ಲಯದಲ್ಲಿ ಎಂಟು ಆವರ್ತ ನುಡಿಸಲಿ. ಅವರು ನಿಲ್ಲಿಸದೆ ನುಡಿಸುತ್ತಿರುವಾಗ ನೀವು ಮಿಡ್ ನಾಬನ್ನು 3ರಿಂದ 7ರವರೆಗೆ ನಿಧಾನಕ್ಕೆ ತಿರುಗಿಸಿ. ಯಾವುದೋ ಒಂದು ಬಿಂದುವಿನಲ್ಲಿ ವಾಲ್ಯೂಮ್ ಏರಿಸಿದ ಹಾಗೆ ಗಿಟಾರ್ ಮುಂದಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಗೆ ಬಿಡಿ. ಆಮೇಲೆ ಬಾಸ್ ನಾಬನ್ನು ಸೊನ್ನೆಯ ಕಡೆ ಇಳಿಸುತ್ತಾ ಹೋಗಿ, ಬ್ಯಾಂಡ್ ಒಳಗೆ ವ್ಯತ್ಯಾಸ ಗೊತ್ತಾಗುವ ಜಾಗಕ್ಕೆ ಬಂದಾಗ ನಿಲ್ಲಿಸಿ. ಹೆಚ್ಚಾಗಿ ಅದು 3 ಅಥವಾ 4. ಒಬ್ಬರೇ ನುಡಿಸಿದರೆ ಈ ಟೋನ್ ತೆಳ್ಳಗೆ, ಮೂಗಿನಲ್ಲಿ ಹಾಡಿದ ಹಾಗೆ ಇರುತ್ತದೆ. ಇರಲಿ, ಒಬ್ಬರೇ ನುಡಿಸುವ ಕಾರ್ಯಕ್ರಮ ಅಲ್ಲವಲ್ಲ.

ಫೆಂಡರ್ ಮಾದರಿಯ ಆಂಪ್‌ಗಳಿಗೆ ಒಂದು ಎಚ್ಚರಿಕೆ. ಅವುಗಳ ಟೋನ್ ನಾಬ್‌ಗಳು ಕಮ್ಮಿ ಮಾಡಬಲ್ಲವೇ ಹೊರತು ಹೊಸದಾಗಿ ಸೇರಿಸಲಾರವು. ಎಲ್ಲ ನಾಬ್ 5ರಲ್ಲಿದ್ದರೂ ನಡುಭಾಗ ಹಳ್ಳವಾಗಿಯೇ ಇರುತ್ತದೆ. ಅವುಗಳಲ್ಲಿ ಮಿಡ್ ಅನ್ನು 8ಕ್ಕೆ ಒಯ್ಯಲು ಹಿಂಜರಿಯಬೇಡಿ. ಮಿಡ್ ನಾಬೇ ಇಲ್ಲದ ಆಂಪ್‌ಗೆ ಬಾಸ್ ಮತ್ತು ಟ್ರೆಬಲ್ ಎರಡನ್ನೂ ಇಳಿಸಿ ವಾಲ್ಯೂಮ್ ಏರಿಸುವುದೇ ದಾರಿ. ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲ್ ಸ್ಟೇಜಿನಲ್ಲಿ ಇಷ್ಟು ಜನಪ್ರಿಯವಾಗಿರುವುದೂ ಇದಕ್ಕೇ. ಅದು ತಗ್ಗಿನ ಸ್ವರ ಕತ್ತರಿಸಿ 700 ಹರ್ಟ್ಜ್ ಸುತ್ತಮುತ್ತ ಉಬ್ಬಿಸುತ್ತದೆ.

ಗೇನ್ (ಡಿಸ್ಟಾರ್ಷನ್, ಅಂದರೆ ಸದ್ದು ಒಡೆದು ಕರಕರ ಆಗುವುದನ್ನು ಹೆಚ್ಚಿಸುವ ನಾಬ್) ಕೂಡ ಇಳಿಯಲೇಬೇಕು. ಕೋಣೆಯಲ್ಲಿ 8 ಇದ್ದದ್ದು ಸ್ಟೇಜಿನಲ್ಲಿ 5 ಸಾಕು. ಡಿಸ್ಟಾರ್ಷನ್ ಹೆಚ್ಚಾದಷ್ಟೂ ಮೀಟಿದ ಮೊದಲ ಪೆಟ್ಟು ಚಪ್ಪಟೆಯಾಗುತ್ತದೆ, ಗದ್ದಲದ ನಡುವೆ ಕಿವಿ ಹಿಡಿಯುವುದು ಆ ಪೆಟ್ಟನ್ನೇ.

ಇಷ್ಟಾದರೂ ಕಳೆದುಹೋಗುತ್ತಿದ್ದರೆ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಅಪರಾಧಿ ಹೆಚ್ಚಾಗಿ ಕೀಬೋರ್ಡ್‌ನವರ ಎಡಗೈ. ಬಾಸ್ ಗಿಟಾರ್ ಇದ್ದರೂ ಒಬ್ಬರೇ ನುಡಿಸುವ ಅಭ್ಯಾಸದಲ್ಲಿ ಅವರು ಕೆಳಗಿನ ಸ್ಥಾಯಿಯಲ್ಲಿ ಇಡೀ ಕಾರ್ಡ್ ಒತ್ತಿರುತ್ತಾರೆ, ಜೊತೆಗೆ ಸ್ಟ್ರಿಂಗ್ಸ್ ಪ್ಯಾಡ್. ಅದನ್ನು ಯಾವ ಆಂಪೂ ಗೆಲ್ಲಲಾರದು. "ಪಲ್ಲವಿಯಲ್ಲಿ ಎಡಗೈ ಬಿಡ್ತೀರಾ ಅಣ್ಣ?" ಎಂದು ಕೇಳುವುದು ಹೊಸ ಪೆಡಲ್ ಕೊಳ್ಳುವುದಕ್ಕಿಂತ ಅಗ್ಗ. ಇಬ್ಬರು ಗಿಟಾರ್‌ನವರಿದ್ದರೆ ಒಬ್ಬರು ಮೂರನೇ ಫ್ರೆಟ್ ಕೆಳಗೆ, ಇನ್ನೊಬ್ಬರು ಏಳರ ಮೇಲೆ ಹಂಚಿಕೊಳ್ಳಲಿ.

ವ್ಯಾಟ್ ಹೆಚ್ಚಿದರೆ ಸರಿಹೋಗುತ್ತದೆಯೇ?

ಇಲ್ಲ. 50 ವ್ಯಾಟಿನಿಂದ 100ಕ್ಕೆ ಹೋದರೆ ಸಿಗುವುದು 3 ಡೆಸಿಬಲ್ ಮಾತ್ರ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. 22 ವ್ಯಾಟಿನ ಫೆಂಡರ್ ಡಿಲಕ್ಸ್ ರಿವರ್ಬ್‌ಗೂ 85 ವ್ಯಾಟಿನ ಟ್ವಿನ್ ರಿವರ್ಬ್‌ಗೂ ವ್ಯಾಟ್ ಲೆಕ್ಕದಲ್ಲಿ ಇರುವುದು 6 ಡೆಸಿಬಲ್ ಅಂತರ. ಪಬ್ಬಿಗೆ 15ರಿಂದ 20 ವ್ಯಾಟಿನ ವಾಲ್ವ್ (ಗಾಜಿನ ಟ್ಯೂಬಿನ) ಆಂಪ್ ಧಾರಾಳ. ದೊಡ್ಡ ವಾಲ್ವ್ ಆಂಪನ್ನು ಒಂದೂವರೆಯಲ್ಲಿ ಇಟ್ಟು ನುಡಿಸಿದರೆ ಟೋನ್ ಸತ್ತಂತೆ ಇರುತ್ತದೆ, ನಾಬ್ ಒಂದು ಕೂದಲೆಳೆ ಸರಿದರೂ ಸದ್ದು ಹಾರುತ್ತದೆ. ಅದಕ್ಕೆ ಎಫೆಕ್ಟ್ಸ್ ಲೂಪಿನಲ್ಲಿ (ಆಂಪಿನ ಹಿಂದಿನ ಸೆಂಡ್ ಮತ್ತು ರಿಟರ್ನ್ ಜ್ಯಾಕ್‌ಗಳ ನಡುವೆ) ಒಂದು ವಾಲ್ಯೂಮ್ ಪೆಡಲ್ ಹಾಕಿ ಹತೋಟಿಗೆ ತರಬಹುದು. ಪವರ್ ವಾಲ್ವ್‌ಗಳನ್ನು ದುಡಿಸಿಯೇ ಆ ಟೋನ್ ಬೇಕೆನ್ನುವವರಿಗೆ ಆಂಪ್ ಮತ್ತು ಸ್ಪೀಕರ್ ನಡುವೆ ಹಾಕುವ, ಸದ್ದು ತಗ್ಗಿಸುವ ಅಟೆನ್ಯುಯೇಟರ್ ಇದೆ. ಅದರ ಓಮ್ ಆಂಪಿನ ಓಮ್‌ಗೆ ಹೊಂದಬೇಕು, ವ್ಯಾಟ್ ಆಂಪಿಗಿಂತ ಹೆಚ್ಚಿರಬೇಕು. ನಡುವಿನ ವೈರು ಸ್ಪೀಕರ್ ಕೇಬಲ್ಲೇ ಆಗಿರಬೇಕು, ಗಿಟಾರ್ ಕೇಬಲ್ ಅಲ್ಲ. ಸ್ಪೀಕರ್ ಸಿಕ್ಕಿಸದೆ ವಾಲ್ವ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ನಡುವೆ ಒಂದು ಮಾತು ಕಿವಿಯ ಬಗ್ಗೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುತ್ತದೆ ಅಮೆರಿಕದ ನಿಯಾಶ್ (ಕೆಲಸಗಾರರ ಆರೋಗ್ಯ ಸಂಶೋಧನಾ ಸಂಸ್ಥೆ) ಮಾನದಂಡ. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೂ ಅವಧಿ ಅರ್ಧವಾಗುತ್ತದೆ, 100 ತಲುಪುವಾಗ ಉಳಿಯುವುದು 15 ನಿಮಿಷ. ಕಾರ್ಯಕ್ರಮ ಅರ್ಧವಾಗುವಷ್ಟರಲ್ಲಿ ದಣಿದ ಕಿವಿಗೆ ಮೇಲಿನ ಸ್ವರ ಮಂಕಾಗಿ ಕೇಳಿಸಿ, ಕೈ ತಾನಾಗಿ ಟ್ರೆಬಲ್ ಕಡೆ ಹೋಗುತ್ತದೆ. ಸೌಂಡ್ ಚೆಕ್‌ನಲ್ಲಿ ಸರಿ ಇದ್ದ ಗುರುತಿನ ಮೇಲೆ ಬಿಳಿ ಟೇಪಿನ ಚೂರು ಅಂಟಿಸಿಬಿಡಿ, ಎರಡನೇ ಭಾಗದಲ್ಲಿ ಕಿವಿ ಏನೇ ಹೇಳಲಿ ಅದನ್ನು ದಾಟಬೇಡಿ.

ಮಿಕ್ಸರಿಗೆ ನೇರ ಹೋದಾಗ ಜೇನುಹುಳದ ಸದ್ದು

ಮಲ್ಟಿ ಎಫೆಕ್ಟ್ ಪೆಡಲನ್ನು ನೇರ ಮಿಕ್ಸರಿಗೆ ಕೊಟ್ಟರೆ ಕ್ಲೀನ್ ಚೆನ್ನಾಗಿದೆ, ಡಿಸ್ಟಾರ್ಷನ್ ಒತ್ತಿದರೆ ಡಬ್ಬಿಯೊಳಗೆ ಜೇನುಹುಳ ಬಿಟ್ಟ ಹಾಗೆ ಎನ್ನುವ ದೂರಿನ ಕಾರಣ ಸರಳ. ಗಿಟಾರ್ ಸ್ಪೀಕರ್ 5000 ಹರ್ಟ್ಜ್ ದಾಟಿದ ಮೇಲೆ ಬಹುತೇಕ ಮೌನ, ಮೇಲಿನ ಕರಕರವನ್ನು ಅದೇ ನುಂಗಿಕೊಳ್ಳುತ್ತದೆ. ಪಿಎ (ಜನಕ್ಕೆ ಕೇಳಿಸಲು ಇಟ್ಟ) ಸ್ಪೀಕರ್ ಎಲ್ಲವನ್ನೂ ಕಕ್ಕುತ್ತದೆ. ಪೆಡಲಿನಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಅನುಕರಣೆ) ಆನ್ ಮಾಡಿ. ಆ ಸೌಲಭ್ಯ ಇಲ್ಲದಿದ್ದರೆ ಮಿಕ್ಸರಿನಲ್ಲಿ 5ರಿಂದ 6 ಕಿಲೋಹರ್ಟ್ಜ್ ಮೇಲೆ ಕತ್ತರಿಸಲು ಹೇಳಿ. ಉಲ್ಟಾ ತಪ್ಪೂ ಉಂಟು. ಸಿಮ್ಯುಲೇಷನ್ ಆನ್ ಇಟ್ಟುಕೊಂಡೇ ಆಂಪಿಗೆ ಕೊಟ್ಟರೆ ಎರಡು ಕ್ಯಾಬಿನೆಟ್ ಒಂದರೊಳಗೊಂದು ಕೂತು ಕಂಬಳಿ ಹೊದ್ದ ಸದ್ದು ಬರುತ್ತದೆ. ಎರಡೂ ಸಂದರ್ಭದಲ್ಲಿ ಮಿಕ್ಸರಿನ ಗಿಟಾರ್ ಚಾನೆಲಿಗೆ 80ರಿಂದ 100 ಹರ್ಟ್ಜ್ ಕೆಳಗೆ ಲೋ ಕಟ್ ಹಾಕಿಸಿ.

ಆಂಪಿಗೆ ಮೈಕ್ ಇಟ್ಟಿದ್ದರೆ ಟೋನ್ ತಿದ್ದಲು ಮೊದಲು ಮೈಕ್ ಸರಿಸಿ. ಶೂರ್ ಎಸ್ಎಂ57 ತರಹದ ಮೈಕನ್ನು ಬಟ್ಟೆಯಿಂದ ಒಂದು ಇಂಚು ದೂರದಲ್ಲಿ, ಸ್ಪೀಕರಿನ ನಡುವಿನ ಗುಬುಟು ಮುಗಿದು ಕೋನ್ ಶುರುವಾಗುವ ಅಂಚಿಗೆ ಇಡಿ. ಬಟ್ಟೆಯ ಹಿಂದೆ ಅದು ಕಾಣದಿದ್ದರೆ ಮೊಬೈಲ್ ಟಾರ್ಚ್ ಒತ್ತಿ ಹಿಡಿದರೆ ಕಾಣುತ್ತದೆ. ನಡುವಿಗೆ ಸರಿಸಿದರೆ ಚೂಪು, ಹೊರಗೆ ಸರಿಸಿದರೆ ಮೆತ್ತಗೆ. ಒಂದು ಇಂಚಿನ ಸರಿದಾಟ ಟ್ರೆಬಲ್ ನಾಬಿನ ಎರಡು ಅಂಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಮೈಕನ್ನು ಕೇಬಲ್‌ನಲ್ಲಿ ನೇತುಹಾಕಿದರೆ ಅದು ನೆಲ ನೋಡುತ್ತಿರುತ್ತದೆ, ಸ್ಪೀಕರನ್ನಲ್ಲ. ಗಿಡ್ಡ ಸ್ಟ್ಯಾಂಡ್ ಕೇಳಿ ತರಿಸಿ.

ಸೋಲೋ ಏಳುತ್ತಿಲ್ಲ

ಬೂಸ್ಟ್ ಪೆಡಲ್ ಒತ್ತಿದರೆ ಕರಕರ ಹೆಚ್ಚುತ್ತದೆ, ಸದ್ದು ಏರುವುದಿಲ್ಲ. ಬೂಸ್ಟ್ ಡಿಸ್ಟಾರ್ಷನ್ನಿಗಿಂತ ಮುಂಚೆ ಇದೆ, ಆಗಲೇ ತುಂಬಿದ ಬಿಂದಿಗೆಗೆ ಇನ್ನಷ್ಟು ನೀರು ಸುರಿದ ಹಾಗೆ. ಅದನ್ನು ಡಿಸ್ಟಾರ್ಷನ್ ನಂತರ ಹಾಕಿ. ಆಂಪಿನದೇ ಡಿಸ್ಟಾರ್ಷನ್ ಆದರೆ ಎಫೆಕ್ಟ್ಸ್ ಲೂಪಿನಲ್ಲಿ ಹಾಕಿ. 4ರಿಂದ 6 ಡೆಸಿಬಲ್ ಸಾಕು. ರಿದಮ್ ನುಡಿಸುವಾಗ ಗಿಟಾರಿನ ವಾಲ್ಯೂಮನ್ನು 7ರಲ್ಲಿ ಇಟ್ಟುಕೊಂಡು ಸೋಲೋಗೆ 10ಕ್ಕೆ ಒಯ್ಯುವುದು ಕ್ಲೀನ್ ಟೋನಿಗೆ ಚೆನ್ನಾಗಿ ಒಪ್ಪುತ್ತದೆ.

ಕೂಯ್ ಎನ್ನುವುದು

ತಂತಿಗಳನ್ನು ಅಂಗೈಯಿಂದ ಒತ್ತಿಹಿಡಿಯಿರಿ. ಸದ್ದು ನಿಂತರೆ ಅದು ತಂತಿಯ ಫೀಡ್‌ಬ್ಯಾಕ್, ಆಂಪಿನಿಂದ ದೂರ ಸರಿದು ಮೈ ಬೇರೆ ದಿಕ್ಕಿಗೆ ತಿರುಗಿಸಿ. ನಿಲ್ಲದೆ ಸಿಳ್ಳೆಯಂತೆ ಮುಂದುವರಿದರೆ ಪಿಕಪ್ಪಿನೊಳಗಿನ (ತಂತಿಗಳ ಕೆಳಗೆ ನಾದ ಹಿಡಿಯುವ ಆಯಸ್ಕಾಂತದ ಭಾಗದೊಳಗಿನ) ಸುರುಳಿಯೇ ನಡುಗುತ್ತಿದೆ. ಮೇಣ ತುಂಬಿಸದ ಅಗ್ಗದ ಪಿಕಪ್ಪಿನಲ್ಲಿ ಇದು ಮಾಮೂಲು, ಸ್ಟೇಜಿನಲ್ಲಿ ಗೇನ್ ಇಳಿಸುವುದೊಂದೇ ಉಪಾಯ. ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿದರೂ ಸಿಳ್ಳೆ ಇದ್ದರೆ ಆಂಪಿನ ವಾಲ್ವ್ ನೋಡಿ. 12ಎಎಕ್ಸ್7 ವಾಲ್ವ್‌ಗಳನ್ನು ಪೆನ್ಸಿಲಿನ ತುದಿಯಿಂದ ಒಂದೊಂದಾಗಿ ಮೆಲ್ಲಗೆ ತಟ್ಟಿ. ಟಣ್ ಎಂದು ಸ್ಪೀಕರಿನಲ್ಲಿ ಜೋರಾಗಿ ಕೇಳಿಸುವುದೇ ಕೆಟ್ಟದ್ದು.

ಗುಂಯ್ ಮತ್ತು ಶಾಕ್

ಪೆಂಡಾಲಿನಲ್ಲಿ ಹೆಚ್ಚು ಹೊತ್ತು ತಿನ್ನುವುದು ಇದೇ. ಮೊದಲು ಗುಂಯ್ ಸದ್ದಿನ ಶ್ರುತಿ ಹಿಡಿಯಿರಿ, ಗಿಟಾರೇ ಅಳತೆಗೋಲು. ನಮ್ಮ ಕರೆಂಟು 50 ಹರ್ಟ್ಜ್. ಆರನೇ ತಂತಿಯ ಮೂರನೇ ಫ್ರೆಟ್ 98 ಹರ್ಟ್ಜ್. ಗುಂಯ್ ಅದಕ್ಕೆ ಹತ್ತಿರ ಇದ್ದರೆ 100 ಹರ್ಟ್ಜಿನದು: ಸಾಮಾನ್ಯವಾಗಿ ಆಂಪಿನೊಳಗಿನ ಫಿಲ್ಟರ್ ಕೆಪಾಸಿಟರ್ ಸೋತಿದೆ, ಅಥವಾ ಪೆಡಲಿನ ಅಡಾಪ್ಟರ್ ಕಳಪೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಬಾಸ್ ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ ಹತ್ತಿರ ಇದ್ದರೆ 50 ಹರ್ಟ್ಜಿನದು: ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ತ್ ಸೇರಿ ಆದ ಸುತ್ತು) ಅಥವಾ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಹಿಡಿದುಕೊಂಡದ್ದು. ಗಿಟಾರ್ ಹಿಡಿದು ಸುತ್ತ ತಿರುಗಿದಾಗ ಸದ್ದು ಏರಿಳಿದರೆ ಪಿಕಪ್. ಸ್ಟ್ರಾಟ್ (ಮೂರು ಪಿಕಪ್ಪಿನ ಫೆಂಡರ್ ಗಿಟಾರ್) ಆದರೆ ಪಿಕಪ್ ಆರಿಸುವ ಸೆಲೆಕ್ಟರನ್ನು 2 ಅಥವಾ 4ಕ್ಕೆ ಹಾಕಿ, ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಾಗಿದ್ದರೆ ಮಾಯವಾಗುತ್ತದೆ. ಲೈಟಿನವರು ಡಿಮ್ಮರ್ ಎಳೆದಾಗ ಸದ್ದಿನ ಬಣ್ಣ ಬದಲಾದರೆ ಲೈಟೂ ಸೌಂಡೂ ಒಂದೇ ಲೈನಿನಲ್ಲಿವೆ, ಬೇರೆ ಮಾಡಿಸಿ.

ಆಮೇಲೆ ಸರಪಳಿ ಬಿಚ್ಚುವುದು. ಗಿಟಾರನ್ನು ನೇರ ಆಂಪಿಗೆ ಸಿಕ್ಕಿಸಿ. ಗುಂಯ್ ಹೋದರೆ ಪೆಡಲ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ಬನ್ನಿ. ಡಿಜಿಟಲ್ ಡಿಲೇ ಮತ್ತು ಅನಲಾಗ್ ಡಿಸ್ಟಾರ್ಷನ್ ಒಂದೇ ಅಡಾಪ್ಟರಿನ ಬಾಲದಲ್ಲಿ ಜೋತುಬಿದ್ದಿದ್ದರೆ ಕಿರ್ ಎನ್ನುವ ಸಣ್ಣ ಸಿಳ್ಳೆ ಬರುತ್ತದೆ. ಡಿಲೇಗೆ ಬೇರೆ 9 ವೋಲ್ಟ್ ಅಡಾಪ್ಟರ್ ಕೊಡಿ. ನೇರ ಸಿಕ್ಕಿಸಿದರೂ ಗುಂಯ್ ಇದ್ದು, ಮಿಕ್ಸರಿಗೆ ಹೋಗುವ ಕೇಬಲ್ ತೆಗೆದ ಕೂಡಲೇ ಹೋದರೆ ಅದು ಗ್ರೌಂಡ್ ಲೂಪ್. ಡಿಐ ಬಾಕ್ಸಿನ (ಸಿಗ್ನಲನ್ನು ಮಿಕ್ಸರಿಗೆ ಹೊಂದಿಸಿ ಕಳಿಸುವ ಪೆಟ್ಟಿಗೆಯ) ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಸ್ಟೇಜಿನ ಆಂಪ್, ಕೀಬೋರ್ಡ್, ಪೆಡಲ್ ಎಲ್ಲವೂ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಲಿ.

ಇಲ್ಲಿ ಯಾರೋ ಒಬ್ಬರು ಬಂದು "ಮೂರನೇ ಪಿನ್ ಕಿತ್ತುಹಾಕಿ, ಹಮ್ ಹೋಗುತ್ತೆ" ಅನ್ನುತ್ತಾರೆ. ಹಮ್ ಹೋಗುವುದು ನಿಜ. ಆದರೆ ಆಂಪಿನೊಳಗೆ ಫೇಸ್ ವೈರು ತಗಡಿಗೆ ತಾಗಿದ ದಿನ ಆ 230 ವೋಲ್ಟ್ ನಿಮ್ಮ ತಂತಿಗಳಿಗೆ ಬರುತ್ತದೆ, ತುಟಿ ಮೈಕಿಗೆ ತಾಗಿದಾಗ ಮೈಯೊಳಗೆ ಹರಿಯುತ್ತದೆ. ಆ ದಪ್ಪ ಅರ್ತ್ ಪಿನ್ನನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಮಳೆಗಾಲದ ಗಣೇಶೋತ್ಸವದಲ್ಲಿ, ಒದ್ದೆ ಮ್ಯಾಟಿನ ಮೇಲೆ, ಜನರೇಟರಿನ ಕರೆಂಟಿನಲ್ಲಂತೂ ಇಲ್ಲವೇ ಇಲ್ಲ.

ತುಟಿಗೆ ಜುಮ್ ಎಂದರೆ ನುಡಿಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಅವರು ಬೋರ್ಡಿನಲ್ಲಿ ಮೂರು ಅಳತೆ ನೋಡಲಿ. ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ಫೇಸ್–ಅರ್ತ್ ನಡುವೆಯೂ ಅಷ್ಟೇ, ನ್ಯೂಟ್ರಲ್–ಅರ್ತ್ ನಡುವೆ ಎರಡು ಮೂರು ವೋಲ್ಟ್ ಒಳಗೆ. ಎರಡನೆಯದು ತೀರಾ ಕಮ್ಮಿ ಬಂದರೆ ಅರ್ತಿಂಗ್ ಬರೀ ಹೆಸರಿಗೆ ಇದೆ ಎಂದರ್ಥ. ಆಮೇಲೆ ಮೈಕಿನ ಜಾಲರಿ ಮತ್ತು ಗಿಟಾರ್ ತಂತಿಯ ನಡುವೆ ಅಳೆಯಲಿ, ಕೆಲವೇ ವೋಲ್ಟ್‌ಗಿಂತ ಹೆಚ್ಚಿದ್ದರೆ ಎರಡನ್ನೂ ಒಟ್ಟಿಗೆ ಮುಟ್ಟಬೇಡಿ. ಸ್ಟೇಜಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇದೆಯೇ ಎಂದು ಆಯೋಜಕರನ್ನು ಒಪ್ಪಂದದ ದಿನವೇ ಕೇಳುವುದು ಒಳ್ಳೆಯದು.

ಹಾಡಿನ ನಡುವೆ ಸದ್ದು ಕುಸಿದರೆ

ಹಾಡಿನ ನಡುವೆ ಹುಡುಕುತ್ತಾ ಕೂರಲು ಹೊತ್ತಿಲ್ಲ, ಹಾಗಾಗಿ ಈ ಸರದಿ ಬಾಯಿಪಾಠ ಇರಲಿ. ಗಿಟಾರಿನ ಜ್ಯಾಕ್ ಪೂರ್ತಿ ಒಳಗಿದೆಯೇ? ಟ್ಯೂನರ್ ಪೆಡಲ್ ಮ್ಯೂಟ್‌ನಲ್ಲಿದೆಯೇ? ಆಶ್ಚರ್ಯವಾಗುವಷ್ಟು ಸಲ ಇದೇ. ಪೆಡಲ್‌ಗಳ ಕೆಂಪು ದೀಪ ಉರಿಯುತ್ತಿದೆಯೇ? ಇಲ್ಲದಿದ್ದರೆ ಅಡಾಪ್ಟರ್. ಉರಿಯುತ್ತಿದ್ದರೆ ಪೆಡಲ್‌ಬೋರ್ಡ್ ಬಿಟ್ಟು ನೇರ ಆಂಪಿಗೆ.

ಸದ್ದು ಪೂರ್ತಿ ಹೋಗದೆ ಮಂಕಾಗಿ, ಕರಕರ ಎಂದು ಬಂದು ಹೋಗುತ್ತಿದ್ದರೆ ಆಂಪಿನ ಹಿಂದೆ ಕೈ ಹಾಕಿ, ಸೆಂಡ್ ಮತ್ತು ರಿಟರ್ನ್ ಜ್ಯಾಕ್‌ಗಳ ನಡುವೆ ಒಂದು ಗಿಡ್ಡ ಪ್ಯಾಚ್ ಕೇಬಲ್ ಸಿಕ್ಕಿಸಿ. ಸದ್ದು ಪೂರ್ತಿ ಮರಳಿತೇ? ಹಾಗಿದ್ದರೆ ಬಳಸದೆ ಬಿಟ್ಟ ರಿಟರ್ನ್ ಜ್ಯಾಕಿನೊಳಗಿನ ಸ್ವಿಚ್‌ಗೆ ಕಿಲುಬು ಹಿಡಿದಿದೆ. ಕೇಬಲ್ ಹಾಗೇ ಬಿಟ್ಟು ಕಾರ್ಯಕ್ರಮ ಮುಗಿಸಿ. ಮರುದಿನ ಆಂಪಿನ ಪ್ಲಗ್ ಕಿತ್ತು, ಜ್ಯಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಹೊಡೆದು, ಪ್ಲಗ್ಗನ್ನು ಹತ್ತು ಹದಿನೈದು ಸಲ ಒಳಗೆ ಹೊರಗೆ ಆಡಿಸಿ.

ದಿಢೀರನೆ ಅಲ್ಲದೆ, ಹೊಸ ಪೆಡಲ್‌ಬೋರ್ಡ್ ಕಟ್ಟಿದ ದಿನದಿಂದ ಮೇಲಿನ ಸ್ವರ ಮಂಕಾಗಿದ್ದರೆ ಕೇಬಲ್ ಉದ್ದ ಕೂಡಿಸಿ ನೋಡಿ. ಸಾಧಾರಣ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. 6 ಮೀಟರಿನಲ್ಲಿ ಸ್ಟ್ರಾಟ್ ಬಗೆಯ ಪಿಕಪ್ಪಿನ ಹೊಳಪು ಸುಮಾರು 4 ಕಿಲೋಹರ್ಟ್ಜ್ ಹತ್ತಿರ ಇರುತ್ತದೆ. ಬೋರ್ಡಿಗೆ 6, ಅಲ್ಲಿಂದ ಆಂಪಿಗೆ 10 ಮೀಟರ್, ನಡುವಿನ ಪೆಡಲ್‌ಗಳೆಲ್ಲ ಟ್ರೂ ಬೈಪಾಸ್ (ಆಫ್ ಇದ್ದಾಗ ಬರೀ ತಂತಿಯಂತೆ ದಾಟಿಸುವಂಥವು) ಆದರೆ ಅದು ಎರಡೂವರೆಗೆ ಇಳಿಯುತ್ತದೆ. ಬೋರ್ಡಿನ ಮೊದಲಿಗೆ ಬಫರ್ (ಉದ್ದ ಕೇಬಲ್ಲಿಗೆ ಸಿಗ್ನಲ್ ಸೊರಗದಂತೆ ಕಾಯುವ ಸರ್ಕ್ಯೂಟ್) ಇರುವ ಒಂದು ಪೆಡಲ್ ಇಟ್ಟರೆ ಹೊಳಪು ವಾಪಸ್. ಬಹಳಷ್ಟು ಬಾಸ್ ಪೆಡಲ್‌ಗಳಲ್ಲಿ ಅದು ಇದ್ದೇ ಇರುತ್ತದೆ. ಬಾಸ್ ಅಂದರೆ ಇಲ್ಲಿ ಕಂಪನಿಯ ಹೆಸರು, ಗಿಟಾರ್ ಅಲ್ಲ.